ಅತ್ತಿ ಭಾಳ ಕೆಟ್ಟಾಕಿ ಅಂತ ಬರಿ

...ನಗಬ್ಯಾಡ ಮನೀಷಾ, ಬರಿ. "ನಮ್ಮ ಅತ್ತಿ ಉಮಾಬಾಯಿ ಭಾಳ ಕೆಟ್ಟಾಕಿ." ಹೂಂ, ನನ್ನ ಹೆಸರೇ ಹಾಕು, ಅದಕ್ಕೇನಾಯ್ತು? ಯುನಿವರ್ಸಿಟಿದವ್ರು ಉಮರ್ಗಾಕ್ಕ ಬಂದು, ನಮ್ಮ ಕಿರಾಣಿ ಅಂಗಡಿ ಮುಂದ ನಿಂತು, ಉಮಾಬಾಯಿ ಅಂದ್ರ ಯಾರ್ರಿ, ತೋರಸ್ರಿ ಅಂತಾರೇನು?

ಈಗ ನೀ ಬರದದ್ದು ಓದಿ ಹೇಳ್ದೆಲ್ಲ, ಕೇಳ್ದೆ. "ನಾ ಶಾಂತ ಸ್ವಭಾವದಾಕಿ, ಕಷ್ಟಪಟ್ಟು ದುಡಿಯಾಕಿ, ಎಲ್ಲಾರ ಜೋಡಿ ಹೊಂದಕೊಂಡು ಹೋಗಾಕಿ..." ಅಗಂ, ಇದು ಎಂ.ಎಸ್ಸಿ. ಅರ್ಜಿನೋ, ಲಗ್ನದ ಬಯೋಡಾಟಾನೋ? ವಲಾಂಡಿಯಿಂದ ನಿಮ್ಮಪ್ಪ ಕಳಿಸಿದ ಕಾಗದದಾಗೂ ಇದೇ ಇತ್ತು. ಅದನ್ನ ಓದಿ ನನ್ನ ಮಗ ರವಿಕಾಂತ ಲಗ್ನಕ್ಕ ಹೂಂ ಅಂದ. ಖರೆ ಆ ಯುನಿವರ್ಸಿಟಿ ಸಾಹೇಬ್ರು ನಿನಗ ಲಗ್ನ ಆಗೋರಲ್ಲಲ್ಲ! ಸೀಟು ಇಪ್ಪತ್ತು, ಮಂದಿ ಸಾವಿರ. ಇವತ್ತ ಸಂಜೀ ಐದಕ್ಕ ಅರ್ಜಿ ಹಾಕೂ ಟೈಮ ಮುಗೀತದ. ಜರಾ ತ್ರಾಸ ಇದ್ದದ್ದು ಬರದ್ರ ಕರೀತಾರ.

ಏನು? ನಿನಗ ತ್ರಾಸೇ ಇಲ್ಲಾ? ಆಯ್ತು, ನಾ ಮಾಡಿ ಕೊಡ್ತೀನಿ ತಗೋ.

ಬರಿ. "ಅತ್ತಿ ನನಗ ಓದ್ಲಾಕ ಬಿಡಲಿಲ್ಲ. ಜ್ವಾಳದ ಚೀಲದ ಹಿಂದ ಕುಂತು ಓದತಿದ್ದೆ. ಆಕಿ ಕಾಲಸಪ್ಪಳ ಕೇಳಿದ್ರ ಪುಸ್ತಕ ಬ್ಯಾಳಿ ಡಬ್ಬ್ಯಾಗ." ತೊಗರಿ ಬ್ಯಾಳಿ ಅಂತನೇ ಹಾಕು, ಖರೆ ಅನಸ್ತದ. ಮತ್ತ್ಯಾಕ ನಗಲತ್ತಿ? ಮುಂಜಾನಿ ನಾನೇ ಚಾ ತಂದು ಕೊಟ್ಟು, ಓದ್ಕೋತ ಕುಂಡ್ರು ಅಂದೆ ಅಂತನಾ? ಅದು ಬರೀಬ್ಯಾಡ ನೋಡು, ಸೀಟು ಹೋಗ್ತದ.

ಮುಂದ. "ಟಪಾಲಿಗಿ ಫಾರ್ಮ ಬಂತು. ಅತ್ತಿ ಅದನ್ನ ಒಲ್ಯಾಗ ಹಾಕಿದ್ಳು."

ಮೊಬೈಲದಾಗಿನ ಫಾರ್ಮ ಒಲ್ಯಾಗ ಹ್ಯಾಂಗ ಹಾಕೂದು ಅಂತಿ?... ಅದೂ ಖರೆ. ನಮ್ಮನ್ಯಾಗ ಈಗ ಒಲೀನೂ ಇಲ್ಲ. ಇರಲಿ, ಸಾಹೇಬ್ರಿಗೇನು ಗೊತ್ತು, ಬರಿ. "ಬಿ.ಎ. ಫಾರ್ಮ..." ಅಲ್ಲಲ್ಲ, ಎಂ.ಎಸ್ಸಿ., ಎಂ.ಎಸ್ಸಿ. ಅಂತ ಹಾಕು. "ಮೊದ್ಲ ಅದಕ್ಕ ನಾ ಹಚ್ಚಿದ್ದ ಫೋಟೋ ಸುಟ್ಟಿತು. ಲಗ್ನಕ್ಕಿಂತ ಮೊದ್ಲು ಅಪ್ಪನ ಜೋಡಿ ಯೆಸ್ಟಿ ಬಸ್ಸಿನಾಗ ಉದಗೀರಕ ಹೋಗಿ ತೆಗಸಿದ್ದು. ಎರಡು ಜಡಿ ಹಾಕೊಂಡಿದ್ದೆ. ಉರಿ ಮೂಲಿಯಿಂದ ಸುರುವಾಗಿ... ಮಾರಿತನಕ ಬಂತು. ನಾ ಬಾಜೂಕ ಕುಂತು ರೊಟ್ಟಿ ಬಡೀಲತ್ತಿದ್ದೆ. ಕೈ ನಿಂದರಸಲಿಲ್ಲ. ಸಪ್ಪಳ ನಿಂತ್ರ ಅತ್ತಿಗಿ ಗೊತ್ತಾಗತಿತ್ತು... ನನಗ ಅದು ಬೇಕಾಗಿತ್ತು ಅಂತ."

ಬರದೀ?... ಮನೀಷಾ? ಕೈ ಯಾಕ ನಿಂತದ? ನಗಲೂ ಒಲ್ಲಿ. ಹಂಗ್ಯಾಕ ನೋಡ್ತಿ ನನಗ?

ಕಥಿ ಅದು. ನಿನ್ನ ಸಲುವಾಗಿ ಕಟ್ಟಿದ್ದು.

ಏನಂದಿ?... ಹೂಂ. ಆ ಫಾರ್ಮ ನಂದೇ. ನಿಮ್ಮ ಮಾವನೋರಿಗೂ ಹೇಳಿಲ್ಲ ಇವತ್ತಿನತನಕ. ಒಲ್ಯಾಗ ಹಾಕಿದಾಕಿ ಅವರವ್ವ, ಹ್ಯಾಂಗ ಹೇಳ್ಲಿ?

ಅಳಬ್ಯಾಡ ಹುಚ್ಚಿ. ನಿನ್ನ ಫಾರ್ಮಿಗಿ ಏನಾಗ್ಯಾದ? ಐದಕ್ಕ ಇನ್ನಾ ಅರ್ಧಾ ತಾಸ ಅದ. ಕಣ್ಣ ಒರಸ್ಕೋ. ನಾ ಹೇಳಿದ್ದೆಲ್ಲಾ ಅಳಿಸಿ ಬಿಡು, ಅದು ನಿಂದಲ್ಲ. ಶಾಂತ ಸ್ವಭಾವದಾಕಿ ಅಂಬೋದೂ ಅಳಿಸು.

ನನಗ ಬೇಕು ಅಂತ ಬರಿ. ಅಷ್ಟೇ ಮೊದ್ಲ ಬರಿ. ನಾ ಅವತ್ತ ಅನ್ನಲಿಲ್ಲ... ನೀ ಅನ್ನು.