ಉಗ್ರಾಣದ ಚಿಲಕ ಹಾಕಿದವರು ಯಾರು ಎಂಬ ಬಗ್ಗೆ ಪುಟ್ಟಗೌರಮ್ಮನ ಹೇಳಿಕೆ

ಹೆಸರು: ಪುಟ್ಟಗೌರಮ್ಮ ಕೋಂ ಲೇಟ್ ನರಸಯ್ಯ
ವಯಸ್ಸು: 56 ವರ್ಷ
ಉದ್ಯೋಗ: ಶ್ರೀ ಗಂಗಾಂಬಿಕಾ ಮಹಿಳಾ ಪದವಿ ಕಾಲೇಜಿನ ಕ್ಯಾಂಟೀನ್ ನಡೆಸುವುದು
ವಾಸ: ಕೋಟೆ ಬೀದಿ, ನಾಗಮಂಗಲ ಟೌನ್

ನನ್ನನ್ನು ಈ ದಿನ ಬೆಳಿಗ್ಗೆ 10-15 ಗಂಟೆಗೆ ಠಾಣೆಗೆ ಕರೆಸಿ ವಿಚಾರಿಸಿದ್ದಕ್ಕೆ, ನಾನು ನನ್ನ ಬಾಯಿಂದಲೇ ಹೇಳಿ ಬರೆಸುತ್ತಿರುವುದು ಈ ಕೆಳಗಿನಂತಿರುತ್ತದೆ.

ಕಾಲೇಜಿನ ಗುಮಾಸ್ತರಾದ ಶಿವಲಿಂಗಯ್ಯನವರು ಕೊಟ್ಟಿರುವ ದೂರನ್ನು ನನಗೆ ಓದಿ ಹೇಳಿದರು. ದಿನಾಂಕ 30.06.2025ನೇ ಸೋಮವಾರ ಸಂಜೆ ಕಾಲೇಜಿನ ಖೋ ಖೋ ತಂಡದ ಹನ್ನೆರಡು ಹುಡುಗಿಯರು ಶಿವಲಿಂಗಯ್ಯನವರನ್ನು ಕ್ಯಾಂಟೀನಿನ ಉಗ್ರಾಣದಲ್ಲಿ ಮೂವತ್ತೈದು ನಿಮಿಷ ಅನ್ನ ನೀರು ಕೊಡದೆ ಕೂಡಿಹಾಕಿದರು ಎಂದು ಅದರಲ್ಲಿ ಇರುತ್ತದೆ. ಹುಡುಗಿಯರು ಕೂಡಿಹಾಕಿದ್ದು ಸುಳ್ಳು. ಅನ್ನ ನೀರು ಕೊಡಲಿಲ್ಲ ಎಂಬುದು ಇನ್ನೂ ದೊಡ್ಡ ಸುಳ್ಳು. ಮೂವತ್ತೈದು ನಿಮಿಷವೂ ಅಲ್ಲ, ಮೂವತ್ತಮೂರು. ಇದನ್ನೂ ಬರೆದುಕೊಳ್ಳಿ ಎಂದು ನಾನು ಕೇಳಿಕೊಂಡ ಮೇರೆಗೆ ಬರೆದುಕೊಂಡಿರುತ್ತಾರೆ.

ನಾನು ಒಂಬತ್ತು ವರ್ಷದಿಂದ ಸದರಿ ಕ್ಯಾಂಟೀನನ್ನು ನಡೆಸಿಕೊಂಡು ಬಂದಿರುತ್ತೇನೆ. ಕಾಲೇಜಿನ ಖೋ ಖೋ ತರಬೇತುದಾರರಾದ ಮುನಾವರ್ ಪಾಷಾ ಮೇಷ್ಟ್ರು ಅಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾರೆ. ಅವರದು ಕರಾರಿನ ಕೆಲಸ. ಪ್ರತಿ ವರ್ಷ ಜೂನ್ 30ಕ್ಕೆ ಕರಾರು ಮುಗಿಯುತ್ತದೆ, ಜುಲೈ ತಿಂಗಳು ಪೂರ್ತಿ ಅವರು ಕಾಲೇಜಿಗೆ ಯಾರೂ ಅಲ್ಲ, ಆಗಸ್ಟ್ ಒಂದಕ್ಕೆ ಹೊಸ ಆದೇಶ. ಆ ಜುಲೈ ತಿಂಗಳಲ್ಲೂ ಅವರು ಬೆಳಿಗ್ಗೆ 5-30ಕ್ಕೆ ಸೀಟಿ ಕೊರಳಿಗೆ ಹಾಕಿಕೊಂಡು ಮೈದಾನಕ್ಕೆ ಬರುತ್ತಾರೆ. ಒಂದು ದಿನವೂ ತಪ್ಪಿದ್ದನ್ನು ನಾನು ನೋಡಿಲ್ಲ. ಅವರು ಬರುವುದಕ್ಕೆ ಮುಂಚೆ ಆ ಮೈದಾನದಲ್ಲಿ ಎಮ್ಮೆ ಕಟ್ಟುತ್ತಿದ್ದರಂತೆ. ಈಗ ಹೊಣಕೆರೆ ಕಡೆಯ ಹುಡುಗಿಯರು ಮೊದಲ ಬಸ್ಸು ಹಿಡಿದು ಬಂದು ಅಲ್ಲಿ ಜಿಂಕೆಗಳ ಹಾಗೆ ಓಡುತ್ತಾರೆ. ಅದನ್ನು ನೋಡಿಕೊಂಡು ಒಲೆ ಹಚ್ಚುವುದೆಂದರೆ ನನಗೆ ಬಹಳ ಖುಷಿ.

ಈ ವರ್ಷ ವಿಶ್ವವಿದ್ಯಾನಿಲಯದಲ್ಲಿ ದೊಡ್ಡ ಗಲಾಟೆ ಆಯಿತು. ಮೈದಾನವನ್ನೇ ತುಳಿಯದ ವಿದ್ಯಾರ್ಥಿಗಳ ಹೆಸರನ್ನು ಆಟಗಾರರ ಪಟ್ಟಿಯಲ್ಲಿ ಸೇರಿಸಿ, ಕ್ರೀಡಾ ಕೋಟಾದ ಸರ್ಟಿಫಿಕೇಟ್ ಕೊಡಿಸಿದ್ದಾರೆ ಎಂದು ಅಲ್ಲಿಯ ಒಬ್ಬ ದೊಡ್ಡ ಅಧಿಕಾರಿಯನ್ನು ಅಮಾನತು ಮಾಡಿದರು. ನಮ್ಮ ಕಾಲೇಜಿನಿಂದ ಹೋದ ಪಟ್ಟಿಯಲ್ಲೂ ಹನ್ನೆರಡರ ಬದಲು ಹದಿನೈದು ಹೆಸರು ಇದ್ದವು. ಕೆಳಗೆ ಮೇಷ್ಟ್ರ ಸಹಿ. ಆ ಸಹಿ ತಮ್ಮದಲ್ಲ ಎಂದು ಮೇಷ್ಟ್ರು ಹೇಳಿದರು. ಪಟ್ಟಿ ಟೈಪು ಮಾಡಿ ಕಳಿಸಿದವರು ಶಿವಲಿಂಗಯ್ಯನವರು. ಜೂನ್ 30ಕ್ಕೆ ಕರಾರು ಮುಗಿದು ಮೇಷ್ಟ್ರು ಹೊರಗೆ ಹೋದರೆ, ಎಲ್ಲವನ್ನೂ ಹೋದವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದು ಎಂಬುದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಹಾಗೇನಾದರೂ ಆಗಿದ್ದರೆ ಆಗಸ್ಟ್ ತಿಂಗಳ ಆದೇಶ ಬರುತ್ತಲೇ ಇರಲಿಲ್ಲ.

ದಿನಾಂಕ 30.06.2025ರಂದು ಬೆಳಿಗ್ಗೆ 7-20ಕ್ಕೆ ಅಭ್ಯಾಸ ಮುಗಿಯಿತು. ನಾನು ಎಂದಿನಂತೆ ಹುಡುಗಿಯರಿಗೆ ಮೊಳಕೆ ಕಾಳು, ಮೊಟ್ಟೆ, ಹಾಲು ಕೊಟ್ಟೆ. ಮೇಷ್ಟ್ರು ಟೀ ಕುಡಿಯಲು ಕೌಂಟರಿಗೆ ಬಂದವರು, "ಅಕ್ಕಾ, ಸಾಯಂಕಾಲ ಐದು ಗಂಟೆ ಆದ್ಮೇಲೆ ನಾನ್ಯಾರೋ ಕಾಲೇಜ್ಯಾರೋ. ಹುಡ್ಗೀರ್ಗೆ ಏಳ್ಬೇಡಿ, ಅಳ್ತವೆ" ಎಂದು ತಿಳಿಸಿದರು. ನಾನು, "ಅಳೋರು ಅಳ್ಲಿ ಬುಡಿ, ನೀವ್ಯಾಕೆ ಮೊಕ ಇಂಗ್ ಮಾಡ್ಕೊಂಡಿದೀರಿ" ಎಂದು ಗದರಿದೆ. ಅವರು ಟೀಯನ್ನು ಅರ್ಧಕ್ಕೆ ಬಿಟ್ಟು ಹೋದರು. ಆ ದಿನ ಇಡ್ಲಿ ಗಟ್ಟಿಯಾಗಿತ್ತು ಎಂದು ದೂರು ಬಂದಿದ್ದರೆ ಅದಕ್ಕೆ ಇದೇ ಕಾರಣ.

ಬೆಳಿಗ್ಗೆ 11-40ಕ್ಕೆ ವಿಶ್ವವಿದ್ಯಾನಿಲಯದಿಂದ ವಿಚಾರಣಾಧಿಕಾರಿ ಸರೋಜ ಮೇಡಂ ಬಂದರು. ಪ್ರಿನ್ಸಿಪಾಲರಾದ ಶ್ರೀಕಂಠಯ್ಯನವರ ಕೋಣೆಗೆ ಟೀ ತೆಗೆದುಕೊಂಡು ಹೋದವಳು ನಾನೇ ಆದ್ದರಿಂದ ಅಲ್ಲಿ ನಡೆದದ್ದನ್ನು ಕಣ್ಣಾರೆ ನೋಡಿರುತ್ತೇನೆ. ಪ್ರಿನ್ಸಿಪಾಲರು ಒಳ್ಳೆಯವರು, ಆದರೆ ಬಹಳ ಅಂಜುಬುರುಕರು. ಯಾವ ಕಾಗದ ಕೊಟ್ಟರೂ 'ಪರಿಶೀಲಿಸಿ' ಎಂದು ಬರೆದು ಕಳಿಸುವವರು. ಮೇಡಂ, ತಂಡದ ಹಾಜರಿ ಪುಸ್ತಕ ಎಲ್ಲಿ ಎಂದು ಕೇಳಿದರು. ಅಲ್ಲೇ ನಿಂತಿದ್ದ ಮೇಷ್ಟ್ರು ನನ್ನ ಕಡೆ ನೋಡಿ, ಲೋಟ ತನ್ನಿ ಅಕ್ಕಾ ಎಂದರು.

ಲೋಟದ ವಿಷಯ ಏನೆಂದರೆ, ಹೊಸ ಹುಡುಗಿ ಅಭ್ಯಾಸಕ್ಕೆ ಸೇರಿ ನಲವತ್ತು ದಿನ ಒಂದೂ ತಪ್ಪಿಸದೆ ಬಂದರೆ, ಮೇಷ್ಟ್ರು ಪಾತ್ರೆ ಅಂಗಡಿಗೆ ಹೋಗಿ ಒಂದು ಸ್ಟೀಲ್ ಲೋಟಕ್ಕೆ ಅವಳ ಹೆಸರು ಬರೆಸಿ ತಂದು ನನಗೆ ಕೊಡುತ್ತಾರೆ. ಅಲ್ಲಿಯವರೆಗೆ ಹಾಲು ಉಂಟು, ಲೋಟ ಮಾತ್ರ ಕ್ಯಾಂಟೀನಿನದು. ಹೆಸರಿನ ಲೋಟ ಬಂದ ದಿನ ಆ ಹುಡುಗಿ ನೆಲದ ಮೇಲೆ ನಿಲ್ಲುವುದಿಲ್ಲ. ನಾನು ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಹೋಗಿ ಮೇಡಂ ಮುಂದೆ ಇಟ್ಟೆ. ಮೇಡಂ ಪಟ್ಟಿ ಹಿಡಿದುಕೊಂಡು ಒಂದೊಂದೇ ಹೆಸರು ಓದಿದರು, ನಾನು ಒಂದೊಂದೇ ಲೋಟ ಎತ್ತಿ ತೋರಿಸಿದೆ. ಹನ್ನೆರಡು ಲೋಟ ಎತ್ತಿದೆ. ಉಳಿದ ಮೂರು ಹೆಸರಿಗೆ ಕೈ ಅಲ್ಲಾಡಿಸಿದೆ. ಆಗ ಶಿವಲಿಂಗಯ್ಯನವರು ಮಧ್ಯೆ ಬಾಯಿ ಹಾಕಿ, ಲೋಟ ಸಾಕ್ಷಿ ಆಗುವುದಿಲ್ಲ, ಆ ಮೂವರೂ ಟ್ರ್ಯಾಕ್ ಸೂಟ್ ಹಾಕಿಕೊಂಡು ಮೈದಾನದಲ್ಲೇ ಇದ್ದಾರೆ ಎಂದು ತಿಳಿಸಿದರು.

12-30ಕ್ಕೆ ಎಲ್ಲರೂ ಮೈದಾನಕ್ಕೆ ಹೋದೆವು. ಮೂವರು ಹುಡುಗಿಯರು ನಿಜಕ್ಕೂ ಇದ್ದರು. ಟ್ರ್ಯಾಕ್ ಸೂಟಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಮೇಡಂ ಆ ಮೂವರನ್ನೂ ತಂಡದ ಐವರನ್ನೂ ಕರೆದು, ಆಟಕ್ಕೆ ಕೂರುವಂತೆ ಕೂತುಕೊಳ್ಳಿ ಎಂದರು. ಖೋ ಖೋದಲ್ಲಿ ಎಂಟು ಜನ ಸಾಲಾಗಿ ಕೂರುವಾಗ ಒಬ್ಬಳ ಮುಖ ಈ ಕಡೆ ಇದ್ದರೆ ಪಕ್ಕದವಳ ಮುಖ ಆ ಕಡೆ ಇರಬೇಕು. ಇದು ಒಲೆ ಮುಂದೆ ಕೂರುವ ನನಗೂ ಗೊತ್ತು. ಐವರು ಹಾಗೆಯೇ ನಡುನಡುವೆ ಜಾಗ ಬಿಟ್ಟು, ಎದ್ದು ಓಡಲು ಅನುಕೂಲವಾಗುವಂತೆ ಕುಕ್ಕರಗಾಲಲ್ಲಿ ಕೂತರು. ಈ ಮೂವರು ಮಾತ್ರ ಮೇಡಂ ಕಡೆಗೇ ಮುಖ ಮಾಡಿ ಕೂತರು. ಅವರಲ್ಲಿ ಒಬ್ಬಳು ಊಟದ ಪಂಕ್ತಿಯಲ್ಲಿ ಕೂತಂತೆ ಚಕ್ಕಳಮಕ್ಕಳ ಹಾಕಿ, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ತಂಡದ ಕ್ಯಾಪ್ಟನ್ ಸಿಂಚನ ತಡೆಯಲಾರದೆ, "ಗೌರಮ್ಮಾ, ಎಲೆ ಹಾಕಿ, ಅನ್ನ ಬಡ್ಸಿ" ಎಂದುಬಿಟ್ಟಳು. ಮೇಡಂ ನಕ್ಕರು. ಮೇಷ್ಟ್ರು ನಕ್ಕರು. ಕೊನೆಗೆ ಆ ಚಕ್ಕಳಮಕ್ಕಳದ ಹುಡುಗಿಯೇ ನಗಲು ಶುರುಮಾಡಿ, ನಗುತ್ತಲೇ ಅತ್ತು, ಬಂದು ಕೂತುಕೋ ಎಂದಿದ್ದಕ್ಕೆ ಬಂದೆ, ನನಗೆ ಈ ಆಟ ಗೊತ್ತಿಲ್ಲ ಎಂದು ಒಪ್ಪಿಕೊಂಡಳು. ಕರೆದವರು ಯಾರು ಎಂದು ಮೇಡಂ ಕೇಳಿದ್ದಕ್ಕೆ ಶಿವಲಿಂಗಯ್ಯನವರ ಕಡೆ ಕೈ ತೋರಿಸಿದಳು. ಆ ಕೂಸಿನ ಮೇಲೆ ನನಗೆ ಸಿಟ್ಟಿಲ್ಲ. ಅವಳು ನಿನ್ನೆ ಬೆಳಿಗ್ಗೆ 5-30ಕ್ಕೆ ಅಭ್ಯಾಸಕ್ಕೆ ಬಂದಿದ್ದಳು. ಇವತ್ತೂ ಬಂದಿದ್ದಳು.

ಮೇಡಂ ಮಧ್ಯಾಹ್ನ 2-15ಕ್ಕೆ ಪ್ರಿನ್ಸಿಪಾಲರ ಕೈಗೆ ಪತ್ರ ಕೊಟ್ಟರು. ಮುನಾವರ್ ಪಾಷಾ ಅವರ ತಪ್ಪು ಕಂಡುಬಂದಿಲ್ಲ, ಅವರ ಕರಾರನ್ನು ನಡುವೆ ಬಿಡುವು ಕೊಡದೆ ಮೂರು ವರ್ಷಕ್ಕೆ ಮುಂದುವರಿಸಬಹುದು, ಆದರೆ ಹಳೆಯ ಕರಾರು ಜಾರಿಯಲ್ಲಿರುವಾಗಲೇ, ಅಂದರೆ ಅದೇ ದಿನ ಸಂಜೆ 5-00ರ ಒಳಗೆ, ಆದೇಶ ಆಗಬೇಕು ಎಂದು ಅದರಲ್ಲಿ ಇತ್ತು. ಅದನ್ನು ಮೇಡಂ ನನ್ನೆದುರೇ ಗಟ್ಟಿಯಾಗಿ ಓದಿ ಹೇಳಿ, 3-00 ಗಂಟೆಗೆ ಹೊರಟುಹೋದರು.

ಆಮೇಲೆ ನೋಡಿದರೆ ಮೇಷ್ಟ್ರ ಫೈಲೇ ಇಲ್ಲ. ಫೈಲಿನಲ್ಲಿ ಹಳೆಯ ಕರಾರಿನ ಮೂಲ ಪತ್ರ ಇದೆ, ಅದಿಲ್ಲದೆ ಆದೇಶ ಬರೆಯಲು ಆಗುವುದಿಲ್ಲ. ಬೀರು ಹುಡುಕಿದರು, ಮೇಜಿನ ಕೆಳಗೆ ಹುಡುಕಿದರು. ಶಿವಲಿಂಗಯ್ಯನವರು ತಾವೂ ಬಗ್ಗಿ ಬಗ್ಗಿ ಹುಡುಕಿದರು. ಪ್ರಿನ್ಸಿಪಾಲರು ಬೆವರು ಒರೆಸಿಕೊಳ್ಳುತ್ತಾ, "ಫೈಲ್ ಇಲ್ದೆ ನಾನೇನು ಬರೀಲಿ ತಾಯಿ" ಎಂದು ನನ್ನನ್ನು ಕೇಳಿದರು. ನಾನು ಇಡ್ಲಿ ಬೇಯಿಸುವವಳು, ನನ್ನನ್ನು ಕೇಳಿದರೆ ನಾನೇನು ಹೇಳಲಿ? ಸುಮ್ಮನೆ ಕ್ಯಾಂಟೀನಿಗೆ ಬಂದು ಬೋಂಡದ ಹಿಟ್ಟು ಕಲಸಿದೆ.

ಸಂಜೆ 4-05ಕ್ಕೆ ಉಗ್ರಾಣದಲ್ಲಿ ಡಬ್ಬ ಅಲ್ಲಾಡಿದ ಸದ್ದಾಯಿತು. ಉಗ್ರಾಣ ನನ್ನ ಒಲೆಯಿಂದ ಹನ್ನೊಂದು ಹೆಜ್ಜೆ ದೂರದಲ್ಲಿದೆ. ಬೆಕ್ಕು ಇರಬೇಕೆಂದು ಸೌಟು ಹಿಡಿದು ಹೋದೆ. ಒಳಗೆ ಶಿವಲಿಂಗಯ್ಯನವರು ಈರುಳ್ಳಿ ಮೂಟೆಯ ಹಿಂದಿನಿಂದ ಹಸಿರು ಫೈಲು ಎಳೆದು ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದರು. ಆಫೀಸಿನಲ್ಲಿ ಹುಡುಕುತ್ತಾರೆಂದು ನನ್ನ ಈರುಳ್ಳಿಯ ಹಿಂದೆ ಬಚ್ಚಿಟ್ಟಿದ್ದಾರೆ! ನಾನು ಯೋಚನೆ ಮಾಡಲಿಲ್ಲ. ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದೆ.

ಅವರು ಒಳಗಿನಿಂದ, "ಯಾರಮ್ಮೋ ಅದು, ತೆಗೀರಿ, ನಾನು ಹೇಮಗಿರಿಗೆ ಓಗ್ಬೇಕು, ಬಸ್ಸು ಓಯ್ತದೆ" ಎಂದು ಕೂಗಿದರು. ನಾನು, "ಬಸ್ಸು ಓಗ್ಲಿ ಬುಡಿ, ಇನ್ನೊಂದ್ ಬತ್ತದೆ. ಫೈಲು ಕಿಟಕೀಲಿ ಕೊಡಿ" ಎಂದೆ. ಫೈಲೇ ಇಲ್ಲ ಎಂದರು. "ಅಂಗಾದ್ರೆ ನಿಮ್ಮೊಟ್ಟೆ ಹಸ್ರಾಗಿ ಚೌಕಾಕಾರ ಯಾಕೈತೆ ಶಿವಲಿಂಗಯ್ಯನೋರೇ" ಎಂದು ಕೇಳಿದೆ. ಸದ್ದು ಕೇಳಿ ಹುಡುಗಿಯರು ಓಡಿಬಂದರು. ಅವರು ಬಾಗಿಲು ಮುಟ್ಟಿಲ್ಲ. ಕಿಟಕಿಯ ಹೊರಗೆ ನಿಂತು ಚಪ್ಪಾಳೆ ತಟ್ಟಿ 'ಖೋ, ಖೋ' ಎಂದು ಕೂಗಿದ್ದು ನಿಜ. ಚಪ್ಪಾಳೆ ತಟ್ಟಬಾರದು ಎಂದು ಕಾನೂನು ಇದ್ದರೆ ನನಗೆ ಗೊತ್ತಿಲ್ಲ.

ನಾನು ಒಲೆಗೆ ಹೋಗಿ ಬೋಂಡ ಕರಿದೆ. ಗಾಳಿ ಉಗ್ರಾಣದ ಕಡೆಗೇ ಇತ್ತು. ಶಿವಲಿಂಗಯ್ಯನವರು ಆ ದಿನ ಗಾಬರಿಯಲ್ಲಿ ಮಧ್ಯಾಹ್ನದ ಊಟ ಮಾಡಿರಲಿಲ್ಲ. 4-31ಕ್ಕೆ ಕಿಟಕಿಯ ಹತ್ತಿರ ಬಂದು, ಬೋಂಡಕ್ಕೆ ಕಾಯಿ ಚಟ್ನಿಯೋ ಕಡಲೆ ಚಟ್ನಿಯೋ ಎಂದು ವಿಚಾರಿಸಿದರು. ಕಾಯಿ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಹಸಿರು ಫೈಲು ಸರಳಿನ ಮಧ್ಯೆ ಅಡ್ಡವಾಗಿ ಹೊರಗೆ ಬಂತು. ಫೈಲು ಕೊಟ್ಟರೆ ಬೋಂಡ ಎಂದು ನಾನು ಬಾಯಿಬಿಟ್ಟು ಹೇಳಿಲ್ಲ. ಆರು ಬೋಂಡ, ಒಂದು ಟೀ, ಆಮೇಲೆ ಅವರೇ ಕೇಳಿದ್ದಕ್ಕೆ ಇನ್ನರ್ಧ ಟೀ ಕೊಟ್ಟಿರುತ್ತೇನೆ. 4-38ಕ್ಕೆ ಚಿಲಕ ತೆಗೆದೆ. ಅವರು ಕೈ ತೊಳೆದುಕೊಂಡು ಹೋದರು.

ಸಿಂಚನ ಫೈಲು ಹಿಡಿದು ಓಡಿದ ಓಟವನ್ನು ಯಾವ ಪಂದ್ಯದಲ್ಲೂ ಓಡಿಲ್ಲ. ನಾನು ಹಿಂದೆ ಏದುಸಿರು ಬಿಡುತ್ತಾ ಹೋದೆ. ಪ್ರಿನ್ಸಿಪಾಲರು ಆದೇಶವನ್ನು ಬರೆದು ಮೂರು ಸಲ ಓದಿದರು. ಪೆನ್ನು ಎತ್ತುವುದು, ಇಡುವುದು ಮಾಡಿದರು. ಎಲ್ಲಿ 'ಪರಿಶೀಲಿಸಿ' ಎಂದು ಬರೆದುಬಿಡುತ್ತಾರೋ ಎಂದು ನಾನು ಆ ಪೆನ್ನನ್ನೇ ನೋಡುತ್ತಾ ನಿಂತೆ. 4-52ಕ್ಕೆ ಸಹಿ ಮಾಡಿದರು. ಮೂರು ವರ್ಷ! ಹುಡುಗಿಯರು ಮೈದಾನದಿಂದ ಬಂದ ಮೇಷ್ಟ್ರನ್ನು ಎತ್ತಲು ಹೋದರು. ಮೇಷ್ಟ್ರು, "ಅರೆ ಬುಡ್ರವ್ವಾ, ಸೊಂಟ ಮುರ್ಕೊಂಡೀರಾ, ಬರೋ ವಾರ ಮ್ಯಾಚೈತೆ" ಎಂದು ಬೈದು, ಗೋಡೆಯ ಕಡೆ ತಿರುಗಿಕೊಂಡು ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು. ನಾನೂ ಅತ್ತೆ, ಅದರಲ್ಲಿ ನಾಚಿಕೆ ಏನಿಲ್ಲ.

ಹುಡುಗಿಯರ ಮೇಲೆ ಕೇಸು ಆದರೆ ಅವರ ಆಟಕ್ಕೂ ಮುಂದೆ ಕೆಲಸಕ್ಕೂ ಕಲ್ಲು ಬೀಳುತ್ತದೆ ಎಂದು ನನಗೆ ಗೊತ್ತು. ಗೊತ್ತಿಲ್ಲದೆ ಚಿಲಕ ಬಿದ್ದಿರಬಹುದಲ್ಲವೇ ಎಂದು ಠಾಣೆಯ ಸಾಹೇಬರು ನನ್ನನ್ನು ಕೇಳಿದರು. ಇಲ್ಲ. ಗೊತ್ತಿದ್ದೇ ಹಾಕಿದ್ದೇನೆ. ಏನು ಶಿಕ್ಷೆ ಇದ್ದರೂ ನನಗೆ ಆಗಲಿ.

ಇಷ್ಟು ಹೇಳಿದ ಮೇಲೆ ಸಾಹೇಬರು ಇನ್ನೊಂದು ವಿಷಯ ತಿಳಿಸಿದರು. ನಿನ್ನೆ ಹನ್ನೆರಡು ಹುಡುಗಿಯರೂ ಒಬ್ಬೊಬ್ಬರೇ ಬಂದು, ಚಿಲಕ ಹಾಕಿದ್ದು ತಾನೊಬ್ಬಳೇ ಎಂದು ಹೇಳಿಕೆ ಕೊಟ್ಟಿದ್ದಾರಂತೆ. ಇದು ಶುದ್ಧ ಸುಳ್ಳು. ಆ ಬಾಗಿಲು ಕುಸಿದಿದೆ. ಮಂಡಿಯಿಂದ ಮೇಲೆತ್ತಿ, ಎಡಗೈಲಿ ಚೌಕಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಚಿಲಕ ಬೀಳುತ್ತದೆ. ಒಂಬತ್ತು ವರ್ಷದಲ್ಲಿ ಅದನ್ನು ನಾನಲ್ಲದೆ ಇನ್ಯಾರೂ ಹಾಕಿಲ್ಲ. ಬೇಕಿದ್ದರೆ ಸಾಹೇಬರೇ ಬಂದು ಹಾಕಿ ನೋಡಲಿ. ಮೇಷ್ಟ್ರೂ ಬಂದು ತಾವೇ ಹಾಕಿದ್ದೆಂದು ಬರೆಸಿದ್ದಾರಂತೆ. ಅವರು ಆಗ ಮೈದಾನದಲ್ಲಿ ಗೆರೆಗೆ ಸುಣ್ಣ ಹಾಕುತ್ತಿದ್ದರು.

ಕೊನೆಯದಾಗಿ ನಿನ್ನೆ ಸಂಜೆ ಪ್ರಿನ್ಸಿಪಾಲರು ಬಂದು ಅರ್ಧ ಗಂಟೆ ಹೊರಗಿನ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ಒಳಗೆ ಬಂದು, ಚಿಲಕ ಹಾಕಿದವನು ನಾನು ಎಂದು ಬರೆಸಿ ಸಹಿ ಮಾಡಿದ್ದಾರಂತೆ. ಅವರ ಹೇಳಿಕೆಯನ್ನು ನನಗೆ ತೋರಿಸಿದರು. ಎಲ್ಲೂ 'ಪರಿಶೀಲಿಸಿ' ಎಂದು ಇಲ್ಲ. ಅವರು ಆ ಹೊತ್ತಿನಲ್ಲಿ ತಮ್ಮ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು, ಉಗ್ರಾಣ ಯಾವ ಕಡೆ ಇದೆ ಎಂಬುದೂ ಅವರಿಗೆ ತಿಳಿಯದು. ಆ ಮನುಷ್ಯ ಇಂಥ ಸುಳ್ಳು ಹೇಳಿದ್ದು ನೋಡಿ ನನಗೆ ಆದಷ್ಟು ಸಂತೋಷ ಮೂರು ವರ್ಷದ ಆದೇಶ ಆದಾಗಲೂ ಆಗಿರಲಿಲ್ಲ. ಆದರೂ ಚಿಲಕ ಹಾಕಿದವಳು ನಾನೇ. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಇಷ್ಟನ್ನೂ ನಾನು ಹೇಳಿದಂತೆಯೇ ಬರೆದುಕೊಂಡು, ನನಗೆ ಓದಿ ಕೇಳಿಸಿದರು. ಒಂದಕ್ಷರವೂ ಸುಳ್ಳಿಲ್ಲ, ಯಾರ ಬಲವಂತವೂ ಇಲ್ಲ. ಒಪ್ಪಿ ಸಹಿ ಹಾಕಿರುತ್ತೇನೆ.

ಸ್ಥಳ: ನಾಗಮಂಗಲ
ದಿನಾಂಕ: 02.07.2025
ಸಹಿ: ಪುಟ್ಟಗೌರಮ್ಮ