ಕ್ವಿಗ್ಲಿ ಕಾರಿನ ಆಯುಧಪೂಜೆ

ಬೀಗದ ಕೈ ನನ್ನ ಹತ್ರಾನೇ ಇದೆ ಕಣೇ, ಕಳ್ದಿಲ್ಲ... ತೆಗೀತೀನಿ, ತೆಗೀತೀನಿ! ಏರ್‌ಪೋರ್ಟಿಂದ ನಿಂತ್ಕೊಂಡೇ ಬಂದಿದೀಯ, ಒಂಚೂರು ಈ ಮೆಟ್ಟಿಲ ಮೇಲೆ ಕೂತ್ಕೋ. ಆ ಸೂಟ್‌ಕೇಸ್ ಕೊಡಿಲ್ಲಿ. ಅಬ್ಬಾ! ಇಡೀ ಮೈಸೂರನ್ನೇ ತುಂಬ್ಕೊಂಡು ಬಂದಿದೀಯೇನೇ ಕೀರ್ತಿ? ಸರಿ, ಎಲ್ಲಿಗೆ ಬಂದಿದ್ದೆ ನಾನು? ಹಾಂ, ಕ್ವಿಗ್ಲಿ ಅಣ್ಣತಮ್ಮಂದಿರು.

ಯಾಕೆ ಮುಖ ಹಾಗ್ಮಾಡ್ತೀಯ? ಎಸ್-ಬಾನ್ ರೈಲಲ್ಲಿ ಪೂರ್ತಿ ಇದನ್ನೇ ಕೊರೆದೆ ಅಂತಾನಾ? ಅರ್ಧ ಅಷ್ಟೇ ಹೇಳಿದ್ದು! ಮೇಲಿನ ಮನೆ ಫೋಗ್ಟ್ ಅವರ ಷೆಡ್ಡಲ್ಲಿ ಆ ಹಳೇ ಅಮೆರಿಕನ್ ಕಾರಿದೆಯಲ್ಲ, ಅದರ ವಂಶಾವಳಿ ಇದು. ನಮ್ಮ ಓನರ್ ಕಾರಿನ ಇತಿಹಾಸ ನಾವಲ್ದೆ ಇನ್ಯಾರು ತಿಳ್ಕೋಬೇಕು ಹೇಳು?

ಒಹಾಯೋದಲ್ಲಿ ಇಬ್ರೂ ಹೊಲಿಗೆ ಮಷೀನ್ ಮಾಡ್ತಿದ್ರು. ಹೊಲಿಗೆ ಮಷೀನ್! ಒಂದಿನ ಅಣ್ಣಂಗೆ ಹೊಳೀತು, ಇದಕ್ಕೇ ನಾಲ್ಕು ಚಕ್ರ ಹಾಕಿದ್ರೆ ಹೆಂಗೆ ಅಂತ. ನಗ್ಬೇಡ, ಫೋಗ್ಟ್ ಅವರೇ ಹೇಳಿದ್ದು! ಸ್ಟಾರ್ಟ್ ಮಾಡಿದ್ರೆ ಹಬ್ಬದ ಹಿಂದಿನ ದಿನ ದರ್ಜಿ ಅಂಗಡೀಲಿ ಬರುತ್ತಲ್ಲ, ಥೇಟ್ ಆ ಸದ್ದು. ಆದ್ರೆ ಓಡಿಸೋರು ಯಾರು? ನಾನು ಅಂತ ಅಣ್ಣ, ನಾನು ಅಂತ ತಮ್ಮ. ಕೊನೆಗೆ ಅವರಮ್ಮ ಪಾಲು ಮಾಡ್ಕೊಟ್ಳು. ಸ್ಟಿಯರಿಂಗ್ ಅಣ್ಣಂಗೆ, ಬ್ರೇಕ್ ತಮ್ಮಂಗೆ!

ಹೂಂ ಕಣೇ, ಮಾರಿದ ಕಾರಿಗೂ ಹಾಗೇ! ಈ ಕಡೆ ಕೂತೋರು ತಿರುಗಿಸ್ಬೇಕು, ಆ ಕಡೆ ಕೂತೋರು ನಿಲ್ಲಿಸ್ಬೇಕು. ಗಂಡ ಹೆಂಡ್ತಿ ಮಾತು ಬಿಟ್ರೆ ಕಾರು ನಿಲ್ಲೋದೇ ಇಲ್ಲ. ಯಾರು ಕೊಳ್ತಾರೆ? ಮೂರೇ ವರ್ಷ. ಆಮೇಲೆ ಅವರಿಬ್ರೇ ಮಾತು ಬಿಟ್ರು. ಅಣ್ಣ ಸಿಟ್ಟಲ್ಲಿ ಒಬ್ನೇ ಹತ್ತಿ ಹೊರಟ... ಸೀದಾ ನದಿಗೆ. ಅಣ್ಣ ಈಜಿ ದಡ ಸೇರ್ದ, ಕಂಪನಿ ದಡ ಸೇರ್ಲಿಲ್ಲ.

ಮುಗೀತಾ ಅಂದ್ರೆ? ಮುಗೀತು... ಇನ್ನೊಂಚೂರಿದೆ.

ಫೋಗ್ಟ್ ರಜಕ್ಕೆ ಮಯೋರ್ಕಾ ದ್ವೀಪಕ್ಕೆ ಹೋಗ್ತಾ ಷೆಡ್ಡಿನ ಬೀಗದ ಕೈ ನಂಗೆ ಕೊಟ್ರು. 'ಹೆರ್ ಅಶ್ವಿನ್, ಧೂಳು ಮಾತ್ರ ಒರೆಸಿ' ಅಂತ. ಅಷ್ಟರಲ್ಲಿ ಆಯುಧಪೂಜೆ ಬಂತು. ಮನೇಲಿ ಒಂದು ಆಯುಧ ಬೇಡ್ವಾ? ಇರೋದು ನನ್ನ ಸೈಕಲ್ಲು, ನಿನ್ನ ಮಿಕ್ಸಿ. ಅದಕ್ಕೇ... ಹೂಂ. ಕ್ವಿಗ್ಲಿಗೆ ಮಾಡ್ದೆ. ಸಣ್ಣದಾಗಿ! ಬಾನೆಟ್ಟಿಗೆ ಕುಂಕುಮ, ಒಂದು ಚೆಂಡುಹೂವಿನ ಹಾರ. ಬೂದುಗುಂಬಳ ಈ ಎಷ್‌ಬಾರ್ನ್ ಊರಲ್ಲಿ ಎಲ್ಲಿ ಸಿಗುತ್ತೆ, ಸೂಪರ್‌ಮಾರ್ಕೆಟ್ಟಿಂದ ಆ ಕೇಸರಿ ಕುಂಬಳಕಾಯಿ ತಂದು ಮೆಟ್ಟಿಲಿಗೆ ಕುಕ್ಕಿದೆ. ಕಲ್ಲು! ಕಾಯಿ ಒಡೀಲಿಲ್ಲ, ಮೆಟ್ಟಿಲಿನ ಟೈಲ್ ಒಡೀತು. ಅಲ್ಲೇ, ನೀನು ಕೂತಿದೀಯಲ್ಲ...

ನಗು, ನಗು. ನೀನು ನಕ್ರೆ ನಂಗೂ ಧೈರ್ಯ.

ಮತ್ತೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಮೇಲೆ ಗಾಡಿ ಹತ್ತಿಸ್ಲೇಬೇಕಲ್ಲ? ಚಕ್ರಕ್ಕೆ ಕೊಟ್ಟಿದ್ದ ಮರದ ತುಂಡು ತೆಗೆದೆ. ಆ ಕಡೆಯಿಂದ ಬ್ರೇಕ್ ಬಿಟ್ಟೆ. ಹಿಂದೆ ಬಂದು ಒಂದ್ಕೈಲಿ ಫೋನ್ ಹಿಡ್ಕೊಂಡು ಇನ್ನೊಂದ್ಕೈಲಿ ತಳ್ಳಿದೆ. ಪಚಕ್! ಎಷ್ಟು ಚೆನ್ನಾಗಿ ಹತ್ತಿತು ಗೊತ್ತಾ, ಕಣ್ಣಲ್ಲಿ ನೀರೇ ಬಂತು. ಆಮೇಲೆ... ನಮ್ಮ ಡ್ರೈವ್‌ವೇ ಇಳಿಜಾರು ಅಂತ ಅವತ್ತೇ ಗೊತ್ತಾಗಿದ್ದು. ಹಾರ ಹಾಕ್ಕೊಂಡು ಮದುಮಗನ ಥರ ಹೊರಟೇಬಿಡ್ತು ಕೀರ್ತಿ! ನಾನು ಹಿಂದೆ ಓಡಿದೆ, 'ನಿಲ್ಲೋ, ನಿಲ್ಲೋ' ಅಂತ. ಅಮೆರಿಕನ್ ಕಾರಿಗೆ ಕನ್ನಡದಲ್ಲಿ!

ಎಲ್ಲಿ ನಿಂತಿತು ಅಂತೀಯಾ? ಯಾರಿಗೂ ಏನೂ ಆಗ್ಲಿಲ್ಲ, ಅದು ಮುಖ್ಯ. ನಿಂತಿದೆ, ಭದ್ರವಾಗಿ. ಮನೆ ಒಳಗೇ. ನಮ್ಮನೆ. ಹಾಲಲ್ಲಿ. ತೋಟದ ಕಡೆ ಗಾಜಿನ ಬಾಗಿಲಿತ್ತಲ್ಲ, ಈಗ ಅದು ಸ್ವಲ್ಪ... ಗಾಳಿ ಚೆನ್ನಾಗಿ ಬರುತ್ತೆ. ಸೋಫಾ ತಡೀತು. ಕಾರಿಗೆ ಒಂದು ಗೀರೂ ಬಿದ್ದಿಲ್ಲ, ಹೊಲಿಗೆ ಮಷೀನ್‌ನೋರು ಗಟ್ಟಿ ಮಾಡಿದಾರೆ.

ಫೋಗ್ಟ್ ಅವರಿಗಾ? ಗೊತ್ತಾಯ್ತು. ಮಯೋರ್ಕಾ ಬಿಟ್ಟು ಓಡ್ಬಂದ್ರು. ಈಗ ಒಳಗೇ ಇದಾರೆ. ಹಳೇ ಕಾರಿನ ಮ್ಯೂಸಿಯಂನೋರು ಬಂದು ನೋಡೋವರೆಗೂ ಅದನ್ನ ಅಲ್ಲಾಡಿಸೋ ಹಾಗಿಲ್ಲವಂತೆ. ಅಲ್ಲೀವರೆಗೂ ಅದರಲ್ಲೇ ಕೂತಿರ್ತಾರಂತೆ. ಉಪ್ಪಿಟ್ಟು ಕೊಟ್ಟೆ, ತಿಂದ್ರು. ಮನೆ ಬಿಡಿ ಅಂತ ಒಂದು ಮಾತೂ ಅನ್ಲಿಲ್ಲ! ಆಣೆಗೂ! ನಂಗಂತೂ ಜೀವವೇ ಬಾಯಿಗೆ ಬಂದಿತ್ತು. ಈ ಮನೆ ಸಿಗೋಕೆ ಎಷ್ಟು ಬಾಗಿಲು ತಟ್ಟಿದ್ವಿ. ಇದು ಕೈಬಿಟ್ರೆ ಇನ್ನೊಂದು ಹುಡುಕೋಕೆ ನನ್ನ ಕೈಲಾಗಲ್ಲ ಅಂತ ನೀನೇ ಅತ್ತಿದ್ದೆ.

ಯಾಕೆ ಅನ್ಲಿಲ್ಲ ಅಂದ್ರೆ... ಒಳ್ಳೇ ಮನುಷ್ಯ ಕಣೇ.

ಏನು?

ಕೀರ್ತಿ, ನಗ್ತಿದ್ದೋಳು ಯಾಕೆ ನಿಲ್ಲಿಸ್ದೆ? ಹಾಗೆ ನೋಡ್ಬೇಡ. ನಾನೇನೂ ಹೇಳಿಲ್ಲ. ಪೂಜೆ ಅಂದ್ರೇನು, ಯಾಕೆ ಮಾಡ್ದೆ ಅಂತ ಕೇಳಿದ್ರು, ಅಷ್ಟೇ. ನಮ್ಮಲ್ಲಿ ಪದ್ಧತಿ ಅಂದೆ. ಮನೇಲಿ... ಮನೇಲಿ ತುಂಬ ಸ್ಟ್ರಿಕ್ಟು ಅಂದೆ.

ಆ ಸೂಟ್‌ಕೇಸ್ ಯಾಕೆ ಕಿತ್ಕೋತೀಯ, ಇಡು!

ಸರಿ. ನೀನು ಹೇಳಿದ್ದು ಅಂದೆ. ಮೈಸೂರಿಂದ ಫೋನ್ ಮಾಡಿ, ಆ ಕಾರಿಗೆ ಪೂಜೆ ಮಾಡ್ದೆ ಇದ್ರೆ ನಾನು ವಾಪಸ್ ಬರಲ್ಲ ಅಂದ್ಳು ಅಂದೆ. ಪಾಪ, ಕಣ್ಣೊರೆಸ್ಕೊಂಡ್ರು. ನಿನ್ನ ಮೇಲಿನ ಗೌರವಕ್ಕೆ ಸುಮ್ನಿದಾರೆ. ನೀನು ಒಳಗೆ ಬಂದು ಒಂದ್ಸಲ ಸಾರಿ ಅಂದ್ಬಿಟ್ರೆ...

ಕೀರ್ತಿ?

ಪೂಜೆ ಮಾಡಿದ್ದು ಫೋಟೋಗೆ ಕಣೇ. ನಮ್ಮ ಕನ್ನಡ ಗ್ರೂಪಲ್ಲಿ ಎಲ್ರೂ ಹಾರ ಹಾಕಿದ ಕಾರು ಹಾಕಿದ್ರು. ಆ ಅಕ್ಷತ್ ಅಂತೂ ಹೊಸ ಕಾರಿನ ನಾಲ್ಕೂ ಮಗ್ಗುಲು ಹಾಕಿದ್ದ. ಕೆಳಗೆ ಕೇಳ್ತಾನೆ, 'ಅಶ್ವಿನ್, ನಿಂದು ಎಲ್ಲಿ ಮಗಾ?' ಇಷ್ಟು ವರ್ಷ ಇಲ್ಲಿದ್ದು ಸೈಕಲ್ಲಿಗೆ ಹಾರ ಹಾಕಿ ತೋರಿಸ್ಲಾ? ನಾಚಿಕೆ ಆಯ್ತು. ಅಷ್ಟೇ ಕಣೇ, ಇನ್ನೇನೂ ಇಲ್ಲ.

ಎಲ್ಲಿಗೆ ಹೊರಟೆ? ಬೆಲ್ ಒತ್ಬೇಡ! ಬೀಗದ ಕೈ ನನ್ನ ಹತ್ರ ಇದೆ, ಬೆಲ್ ಯಾಕೆ... ಒತ್ಬಿಟ್ಯಾ?

ಆಯ್ತು, ನಾನೇ ಮುಂದೆ ನಿಲ್ತೀನಿ, ನೀನು ಪಕ್ಕಕ್ಕೆ ಸರಿ.

ಗೂಟನ್ ಟಾಕ್, ಹೆರ್ ಫೋಗ್ಟ್! ಯಾ, ಯಾ, ದಿಸ್ ಈಸ್ ಮೈ ವೈಫ್... ನೋ, ನೋ, ಹೂವು ಅವಳಿಗೆ ಯಾಕೆ ಕೊಡ್ತೀರಿ... ಹೆರ್ ಫೋಗ್ಟ್, ಪ್ಲೀಸ್, ಒಂದ್ನಿಮಿಷ. ಶೀ ನೆವರ್ ಸೆಡ್ ಎನಿಥಿಂಗ್. ಇಟ್ ವಾಸ್ ಮೀ.