ತಂಗಿಯ ಹೆಸರಿನ ಕಾರು

ಒಂದು ಪೇಟೆಯಲ್ಲಿ ಒಬ್ಬ ಕಾಳಿನ ವ್ಯಾಪಾರಿ. ಉಳ್ಳವನು. ಕೆಟ್ಟವನೇನಲ್ಲ, ತಾಯಂದಿರೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರ ಕಥೆಯಾದರೆ ನಾವು ಆರಾಮಾಗಿ ಕೂತು ಕೇಳುತ್ತೇವೆ, ಅದು ನಮ್ಮದಲ್ಲ ಎಂದು.

ಅವನಿಗೆ ಒಬ್ಬಳೇ ತಂಗಿ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎರಡೂ ಕಾಲು ಸೋತಿದ್ದವು. ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಅಣ್ಣನ ಮನೆಯೊಳಗೇ ಓಡಾಡುತ್ತಿದ್ದಳು. ಅಣ್ಣನಿಗೆ ಹೊಸ ಕಾರು ಕೊಳ್ಳುವ ಮನಸ್ಸಾಯಿತು. ಅಂಗವಿಕಲರ ಹೆಸರಿನಲ್ಲಿ ಕೊಂಡರೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ ಎಂದು ಯಾರೋ ಹೇಳಿದರು. ತಂಗಿ ಸಂತೋಷದಿಂದ ಸಹಿ ಹಾಕಿದಳು. ನೋಡಿ, ಸಂತೋಷದಿಂದ. ಇನ್ನು ತಾನೂ ಹೊರಗೆ ಹೋಗಬಹುದು ಎಂದುಕೊಂಡಳು.

ಕಾರಿನ ಗಾಜಿಗೆ ಗಾಲಿಕುರ್ಚಿಯ ನೀಲಿ ಚಿತ್ರ ಬಂತು. ಆ ಚಿತ್ರ ಕಂಡರೆ ಎಲ್ಲಿ ಹೋದರೂ ಬಾಗಿಲ ಬುಡದಲ್ಲೇ ಜಾಗ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಲ್ಯಾಣ ಮಂಟಪದಲ್ಲಿ. ಅಣ್ಣ ಇಳಿಯುತ್ತಿದ್ದ, ಎರಡು ಗಟ್ಟಿ ಕಾಲಿನ ಮೇಲೆ ನಡೆದು ಒಳಗೆ ಹೋಗುತ್ತಿದ್ದ. ತಂಗಿ ಎಲ್ಲಿ? ಮನೆಯಲ್ಲಿ. ಒಮ್ಮೆ ಸೀಟಿನ ಮೇಲೆ ಚೀಲ, ಒಮ್ಮೆ ಬೀಗರು, ಒಮ್ಮೆ ಅವಸರ. ಮುಂದಿನ ಸಲ ಬರುವೆಯಂತೆ ಎನ್ನುತ್ತಿದ್ದ. ಅವಳು ಆಗಲಿ ಎನ್ನುತ್ತಿದ್ದಳು.

ಹೀಗಿರುವಾಗ ಬಹಳ ವರ್ಷದ ಮೇಲೆ ಅವನಿಗೆ ಹೆಣ್ಣು ಮಗು ಹುಟ್ಟಿತು. ಮಂಟಪದಲ್ಲಿ ತೊಟ್ಟಿಲ ಕಾರ್ಯ ಇಟ್ಟುಕೊಂಡರು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳು ಬಾಗಿ ಹೇಳುವಾಗ ಉಳಿದ ಹೆಂಗಸರು ಬೆನ್ನಿಗೆ ಗುದ್ದಿ ನಗುತ್ತಾರೆ. ಮದುವೆಯಾಗದ ಆ ತಂಗಿಗೆ ಯಾವ ಶುಭಕಾರ್ಯದಲ್ಲೂ ಮುಂದೆ ನಿಲ್ಲುವ ಪಾಲು ಬಂದಿರಲಿಲ್ಲ. ಇದೊಂದು ಬಂದಿತ್ತು.

ಆ ಬೆಳಿಗ್ಗೆ ಕಾರಿನ ತುಂಬ ಹೂವಿನ ಬುಟ್ಟಿ, ಸಿಹಿಯ ಬುಟ್ಟಿ, ಊರಿಂದ ಬಂದ ಇಬ್ಬರು ದೊಡ್ಡವರು. ತಂಗಿಗೆ ನೆಂಟರ ಟೆಂಪೋದಲ್ಲಿ ಬಾ ಎಂದು ಹೇಳಿ ಅಣ್ಣ ಹೊರಟ. ಟೆಂಪೋದ ಮೆಟ್ಟಿಲು ಅವಳಿಗೆ ಎಟುಕಲಿಲ್ಲ. ನೆಂಟರು ಅಷ್ಟು ದೊಡ್ಡ ಕಾರಿರುವಾಗ ಇದನ್ನೇಕೆ ಹತ್ತುತ್ತೀ, ಅದು ಮತ್ತೆ ಬರುತ್ತದೆ ಇರು ಎಂದು ಹೇಳಿ ಹೋದರು.

ಮಂಟಪದಲ್ಲಿ ಕಾರು ನೀಲಿ ಬಣ್ಣ ಬಳಿದ ಜಾಗದಲ್ಲೇ ನಿಂತಿತು. ಒಳಗೆ ತೊಟ್ಟಿಲು ಸಿಂಗಾರವಾಯಿತು. ಒಬ್ಬ ಮುದುಕಿ ಸುತ್ತ ನೋಡಿದಳು.

"ಗುದ್ದು ತಿನ್ನಾಕಿ ಎಲ್ಲಿ ಅದಾಳ? ಲಗೂನ ಕರೀರಿ, ನನ್ನ ಕೈ ತುರಸಾಕತ್ತೈತಿ."

ಎಲ್ಲರೂ ನಕ್ಕರು. ಹುಡುಕಿದರೆ ತಂಗಿ ಬಂದೇ ಇರಲಿಲ್ಲ. ಹೊತ್ತು ಮೀರುತ್ತದೆ, ಬೇರೆ ಯಾರಾದರೂ ಹೇಳಲಿ ಎಂಬ ಮಾತು ಬಂತು. ದೂರದ ಸಂಬಂಧದವಳೊಬ್ಬಳು ಸೆರಗು ಸರಿಮಾಡಿಕೊಂಡು ಎದ್ದಳು. ಆಗ ತವರಿನಿಂದ ಬಂದಿದ್ದ ಬಾಣಂತಿ ಮಗುವಿನ ಕಿವಿಯನ್ನು ಅಂಗೈಯಿಂದ ಮುಚ್ಚಿದಳು.

"ನಮ್ಮ ನಾದಿನಿ ಬರೋತನಕ ನನ್ನ ಕೂಸಿಗೆ ಹೆಸರು ಬ್ಯಾಡ."

ಅಣ್ಣ ತಾನೇ ಕಾರು ತೆಗೆದುಕೊಂಡು ಮನೆಗೆ ಓಡಿದ. ತಂಗಿ ಹೊಸ ಸೀರೆ ಉಟ್ಟು ಹೊಸ್ತಿಲ ಹೊರಗೆ ಕೂತಿದ್ದಳು. ಎದ್ದು ಕಾರಿನ ಹತ್ತಿರ ಬಂದಳು, ಬಾಗಿಲ ಮೇಲೆ ಕೈಯಾಡಿಸಿದಳು, ಹಾಗೇ ನಿಂತಳು. ಹತ್ತವ್ವಾ ಎಂದ.

"ಅಣ್ಣಾ, ಇದರ ಬಾಗಲಾ ಹೆಂಗ ತಗೀತಾರ?"

ನೋಡಿ. ಕಾರು ಅವಳದು. ಚುಚ್ಚಿ ಆಡಿದ ಮಾತಲ್ಲ ಅದು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬೈಯಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹೆಸರು ಅವಳೇ ಹೇಳಿದಳು. ಮುದುಕಿಯ ಗುದ್ದೂ ಬಿತ್ತು. ಆದರೆ ಆ ಅಣ್ಣ ಅಂದಿನ ಊಟವನ್ನು ಎಲೆಯಲ್ಲೇ ಬಿಟ್ಟು ಎದ್ದ.

ಈಗ ಹೇಳಿ, ನಮ್ಮ ಮನೆಯಲ್ಲಿ ಯಾರ ಹೆಸರಿನ ರಿಯಾಯಿತಿಯನ್ನು ನಾವು ಉಣ್ಣುತ್ತಿದ್ದೇವೆ? ಅವರು ಕೊನೆಯ ಸಲ ಹೊರಗೆ ಬಂದದ್ದು ಯಾವಾಗ? ನಾಳೆ ಗಾಡಿ ತೆಗೆಯುವ ಮೊದಲು ಅವರನ್ನು ಕೇಳಿ, ಎಲ್ಲಿಗೆ ಹೋಗಬೇಕು ಎಂದು. ಮೊದಲು ಅವರು ಕೂರಲಿ, ಆಮೇಲೆ ಬುಟ್ಟಿ, ಆಮೇಲೆ ಬೀಗರು. ಅವರು ಜೊತೆಗಿಲ್ಲದ ದಿನ ಆ ನೀಲಿ ಜಾಗಕ್ಕೆ ಹೋಗಬೇಡಿ. ದೂರ ನಿಲ್ಲಿಸಿ, ನಡೆಯಿರಿ. ಎರಡೇ ನಿಮಿಷ ಎನ್ನಬೇಡಿ. ಊರುಗೋಲಿನವರು ಬರುವುದು ಆ ಎರಡು ನಿಮಿಷದಲ್ಲೇ.

ನಾವೀಗ ಕೂತಿರುವ ಈ ಭವನದ ಬಾಗಿಲಲ್ಲೂ ಅಂಥದೊಂದು ಜಾಗವಿದೆ. ಒಳಗೆ ಬರುವಾಗ ನೋಡಿದೆ, ಮೂರು ಬೈಕು ನಿಂತಿವೆ. ಯಾರವು ಎಂದು ನಾನು ಕೇಳುವುದಿಲ್ಲ. ಎದ್ದು ಹೋಗಿ ತೆಗೆದು ಬನ್ನಿ. ಅಲ್ಲಿಯವರೆಗೆ ನಾನು ಸುಮ್ಮನೆ ಕೂತಿರುತ್ತೇನೆ.